ನನ್ನ ಕರುಳು, ಅತ್ತೆಯ ರೊಟ್ಟಿ

ತನಗೊಂದು ರೋಗ ಇರಲಿ ಎಂದು ದೇವರಿಗೆ ಕೈಮುಗಿಯುವವರು ಲೋಕದಲ್ಲಿ ಕಡಿಮೆ. ನಾನು ಮುಗಿದಿದ್ದೇನೆ. ಅದೂ ಆಸ್ಪತ್ರೆಯ ಬೆಂಚಿನ ಮೇಲೆ, ಅಕ್ಕಪಕ್ಕದವರೆಲ್ಲ ತಮಗೇನೂ ಇಲ್ಲದಿರಲಪ್ಪಾ ಎಂದು ಬೇಡಿಕೊಳ್ಳುತ್ತಿರುವಾಗ. ತಲೆ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ನನ್ನ ಕಥೆಯನ್ನು ಸ್ವಲ್ಪ ಕೇಳಿ.

ನಾನು ಮಂಗಲಾ, ಭಾಲ್ಕಿಯ ಮಗಳು, ಔರಾದಿನ ಸೊಸೆ, ಬೀದರಿನ ಶಾಲೆಯೊಂದರಲ್ಲಿ ಗಣಿತದ ಟೀಚರ್. ಈ ಮೂರೂ ಊರುಗಳಿಗೆ ಬೇರೆ ಯಾವ ವಿಷಯದಲ್ಲೂ ಒಮ್ಮತವಿಲ್ಲ; ಮಂಗಲಾ ಮೈಗಳ್ಳಿ ಎಂಬುದರಲ್ಲಿ ಮಾತ್ರ ಇದೆ. ಮೆಟ್ಟಿಲು ಹತ್ತಿದರೆ ನನಗೆ ಸುಸ್ತು, ಇಳಿದರೂ ಸುಸ್ತು. ಉಂಡರೆ ಹೊಟ್ಟೆ ಉಬ್ಬರ, ಉಣ್ಣದಿದ್ದರೆ ಕಣ್ಣುಕತ್ತಲೆ. ರಕ್ತ ಕಡಿಮೆಯಿದೆಯೆಂದು ವರ್ಷಗಟ್ಟಲೆ ನುಂಗಿದ ಕಬ್ಬಿಣದ ಮಾತ್ರೆಗಳನ್ನು ಕರಗಿಸಿದ್ದರೆ ಮನೆಗೊಂದು ಗೇಟು ಆಗುತ್ತಿತ್ತು. ರಕ್ತ ಮಾತ್ರ ಇದ್ದಷ್ಟೇ ಇರುತ್ತಿತ್ತು.

ನಮ್ಮ ಕಡೆ ಸೊಸೆಯ ಯೋಗ್ಯತೆ ಬೀದಿಯವರೆಗೆ ಕೇಳಿಸುತ್ತದೆ. ಜೋಳದ ರೊಟ್ಟಿ ಬಡಿಯುವ ಸಪ್ಪಳ ಎಡೆಬಿಡದೆ ಬರುತ್ತಿದ್ದರೆ ಆ ಮನೆಗೆ ಒಳ್ಳೆಯ ಸೊಸೆ ಬಂದಿದ್ದಾಳೆ ಎಂದು ಅರ್ಥ. ನನ್ನ ಸಪ್ಪಳ ಎರಡನೆಯ ರೊಟ್ಟಿಗೇ ನಿಂತುಹೋಗುತ್ತಿತ್ತು. ತೋಳು ಜೋತುಬಿದ್ದು, ಹಿಟ್ಟಿನ ಮೇಲೆ ಕೈಯಿಟ್ಟು ಹಾಗೇ ಕೂತುಬಿಡುತ್ತಿದ್ದೆ. ಕೊನೆಗೆ ಚಪಾತಿಗೆ ಶರಣಾದೆ. ಚಪಾತಿಗೆ ಲಟ್ಟಣಿಗೆ ಇದೆ, ಅರ್ಧ ಕೆಲಸ ಅದೇ ಮಾಡುತ್ತದೆ. ಬೆಳಿಗ್ಗೆ ಚಪಾತಿ, ರಾತ್ರಿ ಚಪಾತಿ, ನಡುವೆ ಚಹಾಕ್ಕೆ ಬೇಕರಿಯ ಖಾರಿ ಬಿಸ್ಕತ್ತು. ಅತ್ತೆ ಮಾತ್ರ ತಮ್ಮ ರೊಟ್ಟಿಯನ್ನು ತಾವೇ ಬಡಿದುಕೊಳ್ಳುತ್ತಿದ್ದರು. ಏಟು ಬೀಳುತ್ತಿದ್ದುದು ರೊಟ್ಟಿಗೆ, ಮಾತು ನನಗೆ. “ಸಾಲ್ಯಾಗ ಲೆಕ್ಕ ಕಲಸ್ತಾಳಂತ, ಮನ್ಯಾಗ ಎರಡರ ಮುಂದ ಲೆಕ್ಕನೇ ಹೋಗಲ್ಲ. ಆಳಸಿ ಅದಾಳ, ಮತ್ತೇನಿಲ್ಲ.”

ಹೀಗಿರುವಾಗ ಹೊಸದಾಗಿ ಬಂದ ಡಾಕ್ಟರಮ್ಮ ನನ್ನ ಕಬ್ಬಿಣದ ಪುರಾಣ ಕೇಳಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಸೀಲಿಯಾಕ್ ಇರಬಹುದು ಎಂದು ರಕ್ತಪರೀಕ್ಷೆಗೆ ಬರೆದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವರಿಗೆ ಆಗಿಬರುವುದಿಲ್ಲವಂತೆ. ಅದನ್ನು ತಿಂದಾಗಲೆಲ್ಲ ಮೈ ತನ್ನ ಕರುಳಿನ ಮೇಲೆ ತಾನೇ ಯುದ್ಧ ಸಾರುತ್ತದಂತೆ. ಕರುಳು ಕೆಟ್ಟ ಮೇಲೆ ಕಬ್ಬಿಣ ನುಂಗಿದರೂ ಒಂದೇ, ಬಿಟ್ಟರೂ ಒಂದೇ. ಅವರು ಗಂಭೀರವಾಗಿ ಹೇಳುತ್ತಿದ್ದರೆ ನನಗೆ ಕುಣಿಯುವಷ್ಟು ಸಂತೋಷ. ನಾನು ಮೈಗಳ್ಳಿ ಅಲ್ಲ, ರೋಗಿ. ಇಪ್ಪತ್ತು ವರ್ಷದ ಆರೋಪಕ್ಕೆ ಇಂಥ ಭರ್ಜರಿ ಉತ್ತರ ಸಿಗುತ್ತದೆಂದು ಯಾರು ಎಣಿಸಿದ್ದರು?

ರಿಪೋರ್ಟು ಮೊಬೈಲಿಗೆ ಬಂತು. ಗಣಿತದ ಟೀಚರ್ ಆದ ನಾನು ಅಂಕಿಗಳಿಗೆ ಹೆದರಬಾರದು, ಆದರೂ ಬೆವರಿದೆ. ಟಿಟಿಜಿ ಎಂಬುದರ ಮುಂದೆ ಇರಬೇಕಾದ್ದಕ್ಕಿಂತ ಕೊಂಚವೇ ಹೆಚ್ಚಿನ ಅಂಕಿ, ಅದರ ಪಕ್ಕದಲ್ಲಿ ‘ವೀಕ್ ಪಾಸಿಟಿವ್’. ಪಾಸೋ ಫೇಲೋ ಹೇಳದೆ ಗ್ರೇಸ್ ಮಾರ್ಕ್ಸ್ ಕೊಟ್ಟು ಕೂಡಿಸಿದಂತಿತ್ತು. ಅತ್ತೆಗೆ ಮಾತ್ರ ಯಾವ ಗೊಂದಲವೂ ಆಗಲಿಲ್ಲ. “ನಾ ಮೊದಲಿಂದ ಅಂತಿದ್ನಿಲ್ಲ, ಆ ಚಪಾತಿ ಛಲೋ ಅಲ್ಲ ಅಂತ. ಯಾರು ಕೇಳ್ತೀರಿ ನನ್ನ ಮಾತು?” ಎಂದು ಸಂಜೆಯೊಳಗೆ ಗೋಧಿಯ ಡಬ್ಬಿ, ರವೆ, ಶ್ಯಾವಿಗೆ, ಖಾರಿ ಎಲ್ಲವನ್ನೂ ಪಕ್ಕದ ಮನೆಗೆ ಸಾಗಿಸಿ, ಲಟ್ಟಣಿಗೆಯನ್ನು ಅಟ್ಟಕ್ಕೆ ಎಸೆದರು. ಅವರ ಮುಖದಲ್ಲಿ ಚುನಾವಣೆ ಗೆದ್ದ ಕಳೆಯಿತ್ತು. ನಾನೂ ಗೆದ್ದವಳೇ. ಅತ್ತೆ ಸೊಸೆ ಇಬ್ಬರೂ ಒಂದೇ ಚೀಟಿಯಿಂದ ಗೆದ್ದದ್ದು ನಮ್ಮ ಮನೆಯ ಚರಿತ್ರೆಯಲ್ಲಿ ಅದೇ ಮೊದಲು.

ಮರುದಿನ ಡಾಕ್ಟರಮ್ಮ ಇಬ್ಬರ ಉತ್ಸಾಹಕ್ಕೂ ನೀರು ಎರಚಿದರು. “ರಕ್ತದ ರಿಪೋರ್ಟು ಬರೇ ಸಂಶಯರಿ. ಬಾಯಿಂದ ಕ್ಯಾಮೆರಾ ಬಿಟ್ಟು, ಕರುಳಿಂದು ಸಣ್ಣ ಸಣ್ಣ ಚೂರು ತಗದು ನೋಡಿದ ಮ್ಯಾಲೇ ಖರೆ ಗೊತ್ತಾಗೋದು. ಅಲ್ಲೀ ತನಕ ಗೋಧಿ ಬಿಡಬ್ಯಾಡ್ರಿ, ದಿನಾ ತಿನ್ರಿ. ಬಿಟ್ರ ಕರುಳು ಸುಧಾರಸ್ತದ, ಬಿಮಾರಿ ಇದ್ರೂ ಕಾಣಂಗಿಲ್ಲ.” ಅಂದರೆ ಕಳ್ಳ ಸಿಗಬೇಕಾದರೆ ಅವನಿಗೆ ದಿನವೂ ಊಟ ಹಾಕಬೇಕು. ನಮ್ಮ ಮನೆಯವರು ಪಕ್ಕದ ಮನೆಗೆ ಹೋಗಿ, ತಲೆ ಕೆರೆಯುತ್ತ, ಕೊಟ್ಟ ಗೋಧಿಯನ್ನು ವಾಪಸ್ ಕೇಳಿ ತಂದರು. ಖಾರಿ ಅಷ್ಟರಲ್ಲಿ ಮುಗಿದಿತ್ತು.

ಸುದ್ದಿ ಭಾಲ್ಕಿಗೆ ಮುಟ್ಟಿದ್ದು ಬೇರೆಯೇ ರೂಪದಲ್ಲಿ: ಪರೀಕ್ಷೆ ಆಗುವವರೆಗೆ ಮಂಗಲಾ ಬಯಸಿದ ಗೋಧಿ ಪದಾರ್ಥವನ್ನೆಲ್ಲ ತಿನ್ನಿಸಬೇಕು, ಆಮೇಲೆ ಜನ್ಮಪೂರ್ತಿ ಇಲ್ಲ. ತವರಿನವರಿಗೆ ಇಷ್ಟು ಕೇಳಿದ ಮೇಲೆ ಬಸುರಿ ಮಗಳಿಗೆ ಒಯ್ಯುವ ಕುಬಸದ ಬುತ್ತಿ ಬಿಟ್ಟು ಬೇರೇನು ನೆನಪಾದೀತು? ಆ ಭಾನುವಾರ ಅಣ್ಣ, ವೈನಿ ಟೆಂಪೋದಿಂದ ಇಳಿದರು. ಹೂರಣದ ಹೋಳಿಗೆ, ಗೋಧಿ ಹುಗ್ಗಿ, ಮಾಲ್ದಿ, ಶಂಕರಪಾಳಿ, ಜೊತೆಗೆ ಹಸಿರು ಬಳೆ, ಜಂಪರಿನ ಖಣ. ನಲವತ್ತೈದು ದಾಟಿದ ನನ್ನನ್ನು ಮಣೆಯ ಮೇಲೆ ಕೂಡಿಸಿ ವೈನಿ ಉಡಿ ತುಂಬಿದರು. ಸಾಲದ್ದಕ್ಕೆ ಅಕ್ಕಪಕ್ಕದ ಹೆಂಗಸರೂ ಬಂದರು. “ಎಷ್ಟನೇ ತಿಂಗಳರಿ?” ಎಂದು ಒಬ್ಬಾಕೆ ಮೆಲ್ಲಗೆ ಕೇಳಿದಾಗ ನಮ್ಮ ಮನೆಯವರು ಎದ್ದು ಹೊರಗೆ ಹೋದರು.

“ನಿನಗ ಬಿಮಾರಿ ಗಿಮಾರಿ ಏನೂ ಇರಂಗಿಲ್ಲ ತಂಗಿ, ಫಿಕರ್ ಮಾಡಬ್ಯಾಡ” ಎಂದ ಅಣ್ಣ, ಪಾಪ, ಧೈರ್ಯ ತುಂಬಲು. ಬಾಯಲ್ಲಿದ್ದ ಹೋಳಿಗೆ ಅಲ್ಲಿಯೇ ಉಳಿಯಿತು. ಇರದೇ ಹೋದರೆ? ಇಷ್ಟು ಜನ, ಇಷ್ಟು ಹುಗ್ಗಿ, ಉಡಿ ತುಂಬಿಸಿಕೊಂಡು ಕೂತ ನಾನು. ಕೊನೆಗೆ ಕರುಳು ಸರಿಯಾಗಿದೆ ಎಂದು ಬಂದರೆ ಈ ಸುಸ್ತಿಗೆ ಹೆಸರೇನು? ಹಳೆಯ ಹೆಸರೇ. ನಿಜವಾಗಿ ಭಯವಾಯಿತು. ಎಷ್ಟೋ ರಾತ್ರಿ, ಎಲ್ಲರೂ ಅಂದದ್ದೇ ಸರಿಯೇನೋ, ನನಗೇ ಮನಸ್ಸಿಲ್ಲವೇನೋ ಎಂದು ಅತ್ತದ್ದುಂಟು. ಅದನ್ನು ಮತ್ತೆ ಅಳುವ ಶಕ್ತಿ ನನಗಿರಲಿಲ್ಲ. ಆದ್ದರಿಂದಲೇ ಕ್ಯಾಮೆರಾ ಬಿಡುವ ದಿನ ಬೆಂಚಿನ ಮೇಲೆ ಕೂತು ಹಾಗೆ ಕೈಮುಗಿದದ್ದು. ಪಕ್ಕದಲ್ಲಿ ಅತ್ತೆಯೂ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಚಪಾತಿಯ ವಿರುದ್ಧ ತೀರ್ಪು ಬರಲಿ ಎಂದಿರಬೇಕು.

ರಿಪೋರ್ಟಿಗೆ ಕಾದ ದಿನಗಳಲ್ಲಿ ಅತ್ತೆ ನನಗೆ ಹಾಸಿಗೆಗೇ ಚಹಾ ತಂದುಕೊಡುತ್ತಿದ್ದರು, ಜೊತೆಗೆ ಎರಡು ಖಾರಿ. ಕರುಳಿನ ಚೂರು ಕೊಟ್ಟು ಬಂದವಳಿಗೆ ಇಷ್ಟಾದರೂ ಬೇಡವೇ ಎಂದು ನಾನೂ ಸುಮ್ಮನೆ ಕುಡಿಯುತ್ತಿದ್ದೆ. ಒಂದು ಬೆಳಿಗ್ಗೆ ಚಹಾ ಬಂತು, ಬಸಿಯಲ್ಲಿ ಖಾರಿ ಇರಲಿಲ್ಲ. ಅದರ ಜಾಗದಲ್ಲಿ ಎಳ್ಳು ಹಚ್ಚಿದ ಜೋಳದ ಕಟಿ ರೊಟ್ಟಿಯ ತುಂಡಿತ್ತು. ಹಿಂದೆ ನಮ್ಮ ಮನೆಯವರು ಮೊಬೈಲ್ ಹಿಡಿದು ನಿಂತಿದ್ದರು. ನನಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

ಅತ್ತೆ ಹಾಸಿಗೆಯ ತುದಿಗೆ ಕೂತರು. “ಡಾಕ್ಟರು ಫೋನ್ ಮಾಡಿದ್ರು. ಖರೆನೇ ಅದ ಅಂತ. ಮಂಗಲಾ, ಇಷ್ಟು ವರ್ಷ ನಿನಗ ಆಳಸಿ ಅಂದೆ. ತಪ್ಪಾಯ್ತವ್ವ.”

ನಾನು ಅತ್ತುಬಿಟ್ಟೆ. ರೋಗ ಇದೆಯೆಂದು ತಿಳಿದು ಅಷ್ಟು ಸಂತೋಷದಿಂದ ಅತ್ತವಳು ಬೀದರಿನಲ್ಲಿ ಇನ್ನೊಬ್ಬಳಿರಲಾರಳು. ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಅತ್ತಿತ್ತ ತಿರುಗಿಸಿ ನೋಡಿ, ಅತ್ತೆ ಮುಂದುವರಿಸಿದರು. “ಗೋಧಿ ಬಿಟ್ರ ಕಸುವು ತಾನೇ ಬರ್ತದ ಅಂದಾರ. ಜೋಳ ಎಷ್ಟು ತಿಂದ್ರೂ ನಡೀತದಂತ. ಔರಾದಿನಿಂದ ಒಂದು ಚೀಲ ಜೋಳ ತರಸೀನಿ, ಬೀಸಾಕ ಗೋಧಿ ಹಾಕದ ಬ್ಯಾರೇ ಗಿರಣಿನೂ ಹುಡಕೀನಿ. ಕಸುವು ಬರೂ ತನಕ ನಾ ಬಡೀತೀನಿ. ಬಂದ ಮ್ಯಾಲ ನಿನ್ನ ರೊಟ್ಟಿ ನೀನೇ ಬಡಕೋ, ಜನ್ಮಪೂರ್ತಿ ತಿನ್ನೂದದ.”

ಅತ್ತೆ ಮಾತಿಗೆ ತಪ್ಪುವವರಲ್ಲ. ಇವತ್ತಿಗೂ ಅಡುಗೆಮನೆಯಿಂದ ಬರುತ್ತಿರುವುದು ಅವರ ಸಪ್ಪಳವೇ, ಎಡೆಬಿಡದೆ. ನನ್ನ ಹೊಟ್ಟೆಯ ಉಬ್ಬರ ಇಳಿದಿದೆ, ರಕ್ತ ಏರುತ್ತಿದೆ. ಮೊನ್ನೆ ಶಾಲೆಯ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿಬಿಟ್ಟೆ. ಮನೆಯಲ್ಲಿ ಮಾತ್ರ ಗೋಡೆ ಹಿಡಿದುಕೊಂಡೇ ನಡೆಯುತ್ತಿದ್ದೇನೆ.