ಮಾಳಿಗೆಯ ಮೇಲಿನ ಫೋಲ್ಡರು

ಹೆಂಡತಿ ಮೆಟ್ಟಿಲಿಳಿದು ಬಂದು ಫ್ಲಾಪಿ ಕೊಟ್ಟರೂ ಬೇಡವೆಂದ ಗಂಡ ಇಳಕಲ್ಲಿನ ಇತಿಹಾಸದಲ್ಲಿ ಶ್ರೀಶೈಲನೊಬ್ಬನೇ ಇರಬೇಕು.

ಅವನ ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಕೆಳಗೆ ಮಗ್ಗದ ಕೋಣೆಯ ಪಕ್ಕದಲ್ಲಿದ್ದದ್ದು ಅವನದು, ವಿಂಡೋಸ್ ತೊಂಬತ್ತೆಂಟು. ಮಾಳಿಗೆಯ ಕೋಣೆಯಲ್ಲಿದ್ದದ್ದು ಹೆಂಡತಿ ಶೀಲಾಳದು. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ ಅವಳೇ ಅದಕ್ಕೆ ಲಿನಕ್ಸ್ ಹಾಕಿಕೊಂಡಿದ್ದಳು. ಸೀರೆಯ ದಡಿಯ ನಕ್ಷೆಗಳನ್ನು ಅವಳು ಮೇಲೆ ಕೂತು ಬರೆಯುತ್ತಿದ್ದಳು, ಪ್ರಿಂಟರು ಕೆಳಗಿತ್ತು. ನಡುವೆ ಹದಿನಾಲ್ಕು ಮೆಟ್ಟಿಲು, ಹೊಸದಾಗಿ ಎಳೆಸಿದ ಒಂದು ನೀಲಿ ವೈರು.

"ಪುಕ್ಕಟೆ ಬಂದದ್ದು ನನ್ನ ಮಶೀನಿನ ಜೋಡಿ ಮಾತಾಡಂಗಿಲ್ಲ ಬಿಡು," ಎಂದು ಸೋಮವಾರ ಅವನು ಕೆಣಕಿದ.

"ಮಾತಾಡತೈತ್ರಿ. ನಕ್ಷಿ ಇರೂ ಫೋಲ್ಡರ್ ಹಂಚಿಟ್ಟೇನಿ, ನಿಮ್ಮನ್ನೂ ಸೇರಿಸೇನಿ. ಪಾಸ್‌ವರ್ಡ್ ಬನಶಂಕರಿ. ತಗೀಲಿಕ್ಕೆ ನಿಮಗ ಬರಬೇಕಷ್ಟ. ಬರಂಗಿಲ್ಲಂದ್ರ ಫ್ಲಾಪಿ ಹಿಡೀರಿ."

"ಫ್ಲಾಪಿನೂ ಬ್ಯಾಡ, ನಿನ್ನ ಕೇಳೂದೂ ಬ್ಯಾಡ. ಇಲ್ಲೇ ಕುಂತು ತಗೀತೇನಿ."

ಹೀಗೆ ಭೀಷಣ ಪ್ರತಿಜ್ಞೆ ಆಯಿತು. ಅಮೀನಗಡದ ಗುರುಸಿದ್ದವ್ವ ಮೊಮ್ಮಗಳ ಮದುವೆಗೆ ಹನ್ನೆರಡು ಸೀರೆ ಹೇಳಿದ್ದಳು. ಗುರುವಾರ ಸಂಜೆ ತಾನು ಬರುವಷ್ಟರಲ್ಲಿ ಹೊಸ ದಡಿ ಒಂದು ಗೇಣಾದರೂ ನೇಯ್ದಿರಬೇಕು, ಇಲ್ಲದಿದ್ದರೆ ಬೇರೆಯವರ ಮಗ್ಗ ನೋಡಿಕೊಳ್ಳುತ್ತೇನೆ ಎಂದಿದ್ದಳು. ನೇಕಾರ ಕಾಶಪ್ಪ ನಕ್ಷೆಯ ದಾರಿ ಕಾಯುತ್ತ ಎಲೆಯಡಿಕೆ ಅಗಿಯುತ್ತಿದ್ದ.

ಶ್ರೀಶೈಲನ ಪರದೆಯ ಮೇಲೆ ಮಾಳಿಗೆಯ ಕಂಪ್ಯೂಟರೇನೋ ಕಾಣಿಸಿತು. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಬನಶಂಕರಿ ಎಂದು ಹೊಡೆದ, ಒಲ್ಲೆ ಎಂದಿತು. (ಚೊಳಚಗುಡ್ಡದ ಗುಡಿಯಲ್ಲಿ ಬೇಡಿದ್ದೆಲ್ಲ ಕೊಡುವ ತಾಯಿ ವೈರಿನಲ್ಲಿ ಮುನಿದಳು.) ಮಂಗಳವಾರ ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದ. ಆಗಲೂ ಒಲ್ಲೆ ಎಂದಿತು. ಬುಧವಾರ ಮಧ್ಯಾಹ್ನ ರಿಪೇರಿಯ ಜಾಫರಸಾಬ ಬಂದು ನೋಡಿದ.

"ವೈರ್ ಸರಿ ಐತ್ರಿ. ಚಾಲೂ ಮಾಡುವಾಗ ನೀವು ಹಾಕಿದ ಹೆಸರನ್ನ ಇದು ತಾನ ಮ್ಯಾಲೆ ಕಳಸತೈತಿ. ಮ್ಯಾಲೆ ನಿಮ್ಮ ಹೆಸರು ಏನಂತ ಬರದಾರ, ಶೀಲಾ ವೈನಿಯಾರನ್ನ ಒಂದ್ ಮಾತು ಕೇಳ್ರಿ."

"ನನ್ನ ಹೆಸರು ನನಗ ಗೊತ್ತಿಲ್ಲೇನು?" ಎಂದು ಶ್ರೀಶೈಲ ಸಿಡಿದ. ಜಾಫರಸಾಬ ಚಹಾ ಕುಡಿದು ಹೋದ.

ಗುರುವಾರ ಮಧ್ಯಾಹ್ನವಾದರೂ ಅವನು ಊಟಕ್ಕೆ ಏಳದಿದ್ದಾಗ ತಾಯಿ ಸಂಗವ್ವ ರೊಟ್ಟಿಯ ತಾಟು ಅಲ್ಲಿಗೇ ತಂದಳು. ಹೊಟ್ಟೆ ಹಸಿದಿತ್ತು, ಅದಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು.

"ನನ್ನ ಹೆಸರಿನಿಂದ ಹ್ವಾದ್ರ ಒಳಗ ಬಿಡವಲ್ದು, ಅವ್ವಾ."

"ನಿನ್ನ ಹೆಸರು ಅದರಾಗ ಎಲ್ಲೈತಿ? ಅಕಿ ಬರೀಲಿಕ್ಕೆ ಹೊಂಟಿದ್ಲು, ನಾನ ತಡದೆ. ಗಂಡನ ಹೆಸರು ಬಾಯಿಲೆ ಅನ್ನಬಾರದು ಅಂದ ಮ್ಯಾಲೆ ಬೆರಳಿಲೆ ಒತ್ತಬಹುದೇನು? 'ನಮ್ಮನಿಯವರು' ಅಂತ ಹಾಕು ಅಂದೆ. ಹಾಕಿದ್ಲು."

ಶ್ರೀಶೈಲ ರೊಟ್ಟಿ ಬಿಟ್ಟು ಕಂಪ್ಯೂಟರು ಆರಿಸಿ ಮತ್ತೆ ಚಾಲೂ ಮಾಡಿದ. ತನ್ನ ಸ್ವಂತ ಯಂತ್ರಕ್ಕೆ ತಾನು 'ನಮ್ಮನಿಯವರು' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಪರಿಚಯ ಹೇಳಿಕೊಂಡ. ಫೋಲ್ಡರು ತೆರೆದೇಬಿಟ್ಟಿತು. ಹೆಂಡತಿಯನ್ನು ಕೇಳಲಿಲ್ಲ, ಒಂದು ಮೆಟ್ಟಿಲೂ ಹತ್ತಲಿಲ್ಲ. ಅವನಿಗೆ ಕುಣಿಯುವಷ್ಟು ಖುಷಿಯಾಯಿತು. ಪ್ರಿಂಟು ತೆಗೆದು ಮಗ್ಗದ ಕೋಣೆಗೆ ಓಡಿದ.

ಅಲ್ಲಿ ಮಗ್ಗ ಸದ್ದು ಮಾಡುತ್ತಿತ್ತು. (ತಪಸ್ಸಿಗೆ ಕೂತವರಿಗೆ ಇಂಥ ಸದ್ದು ಕೇಳಿಸುವುದಿಲ್ಲ.) ಹೊಸ ದಡಿ ಒಂದೂವರೆ ಗೇಣು ಇಳಿದಿತ್ತು.

"ಈ ನಕ್ಷಿ ನಿನಗೆಲ್ಲಿಂದ ಬಂತೋ, ಕಾಶಪ್ಪ?"

"ನಿನ್ನೆ ಮುಂಜಾನೆ ನೀವು ಜಳಕಕ್ಕ ಹ್ವಾದಾಗ ವೈನಿಯಾರು ಫ್ಲಾಪಿ ತಂದು ನಿಮ್ಮ ಮಶೀನಿನ್ಯಾಗ ಪ್ರಿಂಟ್ ತಗದು ಕೊಟ್ರಲ್ರಿ. ಅವರಿಗೇನೂ ಹೇಳಬ್ಯಾಡ, ಹುರುಪಿನ್ಯಾಗ ಅದಾರ ಅಂದ್ರು."

ಅಷ್ಟರಲ್ಲಿ ಗುರುಸಿದ್ದವ್ವ ಹೊತ್ತಿಗೆ ಮೊದಲೇ ಬಂದಿಳಿದಳು. ದಡಿಯ ಮೇಲೆ ಕೈಯಾಡಿಸಿ, "ಭಾಳ ಛಂದ ಐತಿ. ಯಾರ ಕೆಲಸವಾ ಇದು?" ಎಂದು ಕೇಳಿದಳು.

ಬಾಗಿಲಲ್ಲಿ ನಿಂತಿದ್ದ ಶೀಲಾ ಸೆರಗು ಸರಿಮಾಡಿಕೊಂಡು ಹೇಳಿದಳು: "ನಮ್ಮನಿಯವರು ಇದಕ್ಕಂತ ನಾಕು ದಿನ ಕುಂತಲ್ಲಿಂದ ಎದ್ದಿಲ್ರಿ."

"ಗಂಡಸಂದ್ರ ಹಿಂಗ ಇರಬೇಕು," ಎಂದಳು ಗುರುಸಿದ್ದವ್ವ.

ಶ್ರೀಶೈಲ ಕೈಯಲ್ಲಿದ್ದ ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಸೇರಿಸಿದ.