ಕಡಲ ತೀರದಲ್ಲಿ ಮುದ್ದೆ

ಮಕ್ಕಳ ಖುಷಿಗೆಂದು ಹೊರಟ ಪ್ರವಾಸದಲ್ಲಿ ಮಕ್ಕಳ ಮಾತು ನಡೆದದ್ದನ್ನು ನಾನಂತೂ ಕಂಡಿಲ್ಲ. ನಮ್ಮ ಮಂಡ್ಯದ ಕಡೆಯವರಿಗೆ ಪ್ರವಾಸ ಅಂದರೆ ಮನೆಯಲ್ಲಿ ಉಣ್ಣುವುದನ್ನೇ ದೂರ ಹೋಗಿ ಉಣ್ಣುವುದು. ಶಿವನಸಮುದ್ರಕ್ಕೆ ಹೋದರೂ ಅಷ್ಟೇ, ಜಲಪಾತಕ್ಕೆ ಬೆನ್ನು ಹಾಕಿ ಕೂತು, ಸಾರಿಗೆ ಉಪ್ಪು ಸಾಲದು ಅಂತ ಚರ್ಚೆ ಮಾಡಿ ವಾಪಸ್ಸು ಬರುತ್ತೇವೆ. ನೀರು ಹೇಗಿತ್ತು ಅಂತ ಯಾರಾದರೂ ಕೇಳಿದರೆ, ಕುಡಿಯೋಕೆ ಚೆನ್ನಾಗಿತ್ತು ಅನ್ನುತ್ತೇವೆ.

ಈ ಬೇಸಿಗೆ ರಜೆಯಲ್ಲಿ ಹಾಗಾಗಕೂಡದು ಅಂತ ಹಟ ಹಿಡಿದವಳು ನಾನು. ಎರಡನೇ ಕ್ಲಾಸಿನ ನನ್ನ ಮಗಳು ಇಂಚರ ಸಮುದ್ರವನ್ನೇ ನೋಡಿರಲಿಲ್ಲ. ಕುಂದಾಪುರದ ಆಚೆಯ ಒಂದು ಸಣ್ಣ ಊರಿನಲ್ಲಿ ಮಕ್ಕಳಿಗೆ ಮರಳಾಟ, ಗಾಳಿಪಟ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿ, ಎಲ್ಲ ಇದೆ ಅಂತ ನಾನು ಪಾಠ ಮಾಡುವ ಸ್ಕೂಲಿನಲ್ಲಿ ಯಾರೋ ಹೇಳಿದ್ದರು. ಇಂಚರ ದೋಣಿಯೊಂದನ್ನೇ ಹಿಡಿದುಕೊಂಡಳು. ಮಂಡ್ಯದ ಗುತ್ತಲಿನ ನಮ್ಮ ಮನೆಯ ದಿವಾನದ ಮೇಲೆ ಕೂತು ಪೊರಕೆಯಲ್ಲಿ ಹುಟ್ಟು ಹಾಕಿದ್ದೇ ಹಾಕಿದ್ದು. ಹತ್ತಿಸಿಯೇ ಹತ್ತಿಸುತ್ತೇನೆ ಅಂತ ಮಾತು ಕೊಟ್ಟೆ.

ಮಾತು ಕೊಡುವಾಗ ಮಳವಳ್ಳಿಯ ಭಾವನವರನ್ನು, ಅಂದರೆ ನನ್ನ ಗಂಡನ ಅಣ್ಣನನ್ನು, ಮರೆತಿದ್ದೆ. ಮಕ್ಕಳನ್ನು ಕರೆದುಕೊಂಡು ನಾವೂ ಬರುತ್ತೇವೆ ಅಂದರು. ಬೇಡ ಅನ್ನುವ ಹಾಗಿಲ್ಲವಲ್ಲ. ಟೆಂಪೋಗೆ ಮೊದಲು ಹತ್ತಿದ್ದು ಗ್ಯಾಸ್ ಸ್ಟೌವು, ಆಮೇಲೆ ರಾಗಿಹಿಟ್ಟು, ಮುದ್ದೆ ಕೋಲು, ಐಸ್ ತುಂಬಿದ ಡಬ್ಬದಲ್ಲಿ ಬಂಡೂರು ಕುರಿಯ ಮಾಂಸ. ಜಾಗ ಉಳಿದರೆ ಮಕ್ಕಳು. ಅಲ್ಲೇ ಊಟ ಸಿಗುತ್ತದೆ ಅಂತ ನಾನಂದರೆ, ಅಲ್ಲಿಯವರು ಮೂರು ಹೊತ್ತೂ ಅನ್ನ ತಿಂತಾರಂತೆ, ನಮ್ಮ ಮಕ್ಕಳಿಗೆ ಆ ಗತಿ ಬೇಡ ಅಂದರು.

ನಾವು ಕಡಲ ತೀರಕ್ಕೆ ಬಂದಿಳಿದಾಗಲೇ ದೋಣಿಯವರು ಹೇಳಿದ್ದರು, ನೀರು ಇಳಿಯುವ ಮುಂಚೆ ಬನ್ನಿ, ಆಮೇಲೆ ದೋಣಿ ಮರಳಿನಲ್ಲಿ ಕೂತುಬಿಡುತ್ತದೆ ಅಂತ. ಮಾರನೆಯ ಬೆಳಿಗ್ಗೆಯೇ ನಾವು ಊರಿಗೆ ಹೊರಡಬೇಕು. ಅಂದರೆ ಇವತ್ತು ಬಿಟ್ಟರೆ ಇಲ್ಲ. ಭಾವನವರು ತೀರದಲ್ಲೇ ಸ್ಟೌ ಹಚ್ಚಿದರು. ಗಾಳಿ ಆರಿಸಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಕೊನೆಗೆ ಮರಳಲ್ಲಿ ಆಡುತ್ತಿದ್ದ ಮಕ್ಕಳನ್ನೆಲ್ಲ ಕರೆದು, ಗಾಳಿಗೆ ಅಡ್ಡವಾಗಿ ಬೆಡ್‌ಶೀಟ್ ಹಿಡಿಸಿದರು. ಪಕ್ಕದಲ್ಲಿ ಆ ಊರಿನ ಮಕ್ಕಳು ಗಾಳಿಪಟ ಹಾರಿಸುತ್ತಿದ್ದವು. ನಮ್ಮವು ಸಮುದ್ರಕ್ಕೆ ಬೆನ್ನು ಹಾಕಿ, ಮಾಂಸ ಬೇಯುವುದನ್ನು ನೋಡುತ್ತಾ ನಿಂತಿದ್ದವು. ನನಗೆ ಮೈಯೆಲ್ಲ ಉರಿಯಿತು. ಮಕ್ಕಳನ್ನು ಬಿಡಿ ಭಾವ, ದೋಣಿ ಹೊರಟುಹೋಗುತ್ತದೆ ಅಂದೆ.

“ದೋಣಿ ಎಲ್ಗೋಯ್ತದೆ, ನೀರಲ್ಲೇ ಇರ್ತದೆ ಕಣಮ್ಮ. ಮುದ್ದೆ ಆರೋದ್ರೆ ಏನ್ ಮಾಡೀಯೆ?” ಅಂದರು.

ಸ್ವಲ್ಪ ಹೊತ್ತಿಗೆ ದೋಣಿಯವರೇ ನಮ್ಮನ್ನು ಹುಡುಕಿಕೊಂಡು ಬಂದರು. ಇನ್ನೊಂದು ಸಲ ಹೋಗಿಬರುವಷ್ಟು ನೀರಿದೆ, ಮಗುವನ್ನು ಕಳಿಸಿ ಅಂದರು. ಇಂಚರ ಬೆಡ್‌ಶೀಟ್ ಬಿಟ್ಟು ಓಡಿಬಂದು ಅವರ ಕೈ ಹಿಡಿದುಕೊಂಡಳು. ಆಗತಾನೇ ಮುದ್ದೆ ತಟ್ಟೆಗೆ ಬಿದ್ದಿತ್ತು. ಉಣ್ಣುವ ಹೊತ್ತಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದು ನಮ್ಮ ಕಡೆ ಎಲ್ಲಾದರೂ ಉಂಟೇ? ಒಂದು ತುತ್ತು ಉಂಡು ಹೋಗಿ ಅಂತ ಅವರನ್ನು ಕರೆಯಲಾಯಿತು. ಬೇಡ ಅಂದರು. ಬಲವಂತ ಮಾಡಿ ಕೂರಿಸಲಾಯಿತು. ಪಾಪ, ಮುದ್ದೆ ನುಂಗಬೇಕು ಅನ್ನುವುದು ಅವರಿಗೆ ಗೊತ್ತಿಲ್ಲ, ಅಗಿಯತೊಡಗಿದರು. ಅಗಿದಷ್ಟೂ ಅದು ಹಲ್ಲಿಗೆ ಅಂಟಿತು. ಭಾವನವರು ಎದುರು ಕೂತು, ತುತ್ತನ್ನು ಸಾರಿನಲ್ಲಿ ಅದ್ದಿ ನುಂಗುವುದನ್ನು ಹೇಳಿಕೊಟ್ಟರು. ಅವರು ನಿಧಾನವಾಗಿ ಕಲಿತರು. ಕಲಿತ ಮೇಲೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಕೈ ತೊಳೆದು ಅಳಿವೆಗೆ ಹೋದರೆ ದೋಣಿ ಮರಳಿನ ಮೇಲೆ ವಾಲಿಕೊಂಡಿತ್ತು.

ಇಂಚರ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ದೋಣಿಯ ಹಗ್ಗ ಹಿಡಿದು ನಿಂತಳು. ಎಲ್ಲ ನಿನ್ನ ದೊಡ್ಡಪ್ಪನ ಕೆಲಸ ಅಂತ ನಾನು ಹಲ್ಲು ಕಡಿದೆ. ಅವಳು ನನ್ನ ಕಡೆ ತಿರುಗಿಯೂ ನೋಡದೆ, “ದೊಡ್ಡಪ್ಪ ಅಲ್ಲ. ಉಣ್ಣಕ್ಕೆ ಕರ್ದಿದ್ದು ನೀನೇ ಕಣಮ್ಮ” ಅಂದಳು.

ಹೌದು, ಕರೆದವಳೂ ನಾನೇ, ಕೂರಿಸಿದವಳೂ ನಾನೇ. ಅಷ್ಟು ಹೊತ್ತು ಭಾವನವರನ್ನು ಬೈದುಕೊಂಡ ಬಾಯಿಯೇ ಅದು. ಮಗಳ ತಲೆ ಸವರಿ, “ಹೋಗ್ಲಿ ಬುಡು ಮಗ. ಮುದ್ದೆ ಇನ್ನೂ ಬೆಚ್ಚಗದೆ, ಬಾ, ಒಂದು ತುತ್ತು ಉಂಡ್ಬುಡು” ಅಂದೆ.