ಬೂರುಗದ ತೋಪಿನಲ್ಲಿ ಸಾರ್ವಜನಿಕ ವಿಹಾರ

ಮನುಷ್ಯನು ಯಾವ ಕೆಲಸವೂ ಇಲ್ಲದೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ನಡೆದುಹೋಗುವುದಕ್ಕೆ ವಿಹಾರವೆಂದು ಹೆಸರು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಗಡಿಯಲ್ಲಿರುವ ಬೂರುಗನಕೊಪ್ಪದ ಜನ ೧೯೫೭ನೆಯ ಇಸವಿಯವರೆಗೆ ಈ ಸತ್ಯ ತಿಳಿಯದೆಯೇ ಬದುಕಿದ್ದರು. ಅವರು ನಡೆದಾಗಲೆಲ್ಲ ಪಾಪ, ಏನೋ ಒಂದು ಕೆಲಸ ಇದ್ದೇ ಇರುತ್ತಿತ್ತು.

ಆ ವರ್ಷ ಬೆಂಕಿಕಡ್ಡಿಯ ಕಂಪನಿಯೊಂದು ಊರ ಪಕ್ಕದ ಬೂರುಗದ ತೋಪನ್ನು ಸರ್ಕಾರದಿಂದ ಗುತ್ತಿಗೆಗೆ ಹಿಡಿಯಿತು. ಕರಾರಿನ ಕೊನೆಯಲ್ಲಿ ಒಂದು ಸಾಲಿತ್ತು: ‘ತೋಪು ಸಾರ್ವಜನಿಕರ ವಿಹಾರಕ್ಕೆ ಸದಾ ತೆರೆದಿರತಕ್ಕದ್ದು, ತಪ್ಪಿದಲ್ಲಿ ಗುತ್ತಿಗೆ ರದ್ದಾಗತಕ್ಕದ್ದು.’ ಮ್ಯಾನೇಜರ್ ಗುರುಮಲ್ಲಪ್ಪನವರಿಗೆ ಜನ ಒಳಗೆ ಓಡಾಡುವುದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ತೋಪಿನಾಚೆಯ ಸರ್ಕಾರಿ ಕಾಡಿನ ಬೀಟೆ, ಹೊನ್ನೆ ಮರಗಳು ಗುತ್ತಿಗೆಗೆ ಸೇರದಿದ್ದರೂ ಕಂಪನಿಯ ಲಾರಿ ಹತ್ತುವ ಅಭ್ಯಾಸ ಮಾಡಿಕೊಂಡಿದ್ದವು. ಯಾರಾದರೂ ನೋಡುತ್ತಿದ್ದರೆ ಮರಗಳಿಗೆ ಸಂಕೋಚವಾಗುತ್ತದೆ ಎಂಬುದು ಅವರ ಕಾಳಜಿ. ಹಾಗೆಂದು ಅವರು ಕರಾರು ಮುರಿಯುವ ಮನುಷ್ಯರಲ್ಲ. ಅಕ್ಷರ ಬಿಡದೆ ಪಾಲಿಸಿದರು. ವಿಹಾರಕ್ಕೆ ಬಂದವರಿಗೆ ಗೇಟು ತೆರೆಯುವುದು, ಕೆಲಸಕ್ಕೆ ಬಂದವರಿಗೆ ಮುಚ್ಚುವುದು ಎಂದು ಬೋರ್ಡು ಬರೆಸಿ ನಿಲ್ಲಿಸಿದರು. ಕತ್ತಿ, ಕುಡುಗೋಲು, ಗುದ್ದಲಿಗಳು ವಿಹಾರಿಗಳ ಸುರಕ್ಷತೆಗೆ ಧಕ್ಕೆ ತರುವುದರಿಂದ ನಿಷಿದ್ಧ. ಕೊಂಬೆ ಬೀಳುವ ಸಂಭವವಿರುವುದರಿಂದ ತಲೆಗೆ ಗಟ್ಟಿಯಾದ ಆವರಣ ಕಡ್ಡಾಯ.

ಊರಿನವರ ಗದ್ದೆಗಳೆಲ್ಲ ತೋಪಿನ ಆಚೆಗೇ ಇದ್ದವು. ತೋಪಿನೊಳಗೆ ಹಾದರೆ ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಗದ್ದೆ. ಗುಡ್ಡ ಬಳಸಿ ಹೋದರೆ ಅರ್ಧ ದಿನ.

ಗೇಟಿನ ಕಾವಲಿಗೆ ನೇಮಕವಾದವನು ಚೌಡಪ್ಪ. ಅವನು ಸೋದರತ್ತೆ ಲೋಕಮ್ಮನ ಮಗಳನ್ನು ಮದುವೆಯಾಗಿ ಅತ್ತೆಯ ಮನೆಯಲ್ಲೇ ಇದ್ದ ಅಳಿಯ. ಅವಳ ಗದ್ದೆಯ ಅಕ್ಕಿಯನ್ನೇ ಉಣ್ಣುತ್ತಿದ್ದವನು. ಖಾಕಿ ಅಂಗಿ ಸಿಕ್ಕಿದ ಮೇಲೆ ಅವನಿಗೆ ನಿಯಮವೆಂದರೆ ದೇವರ ಪ್ರಸಾದವಾಗಿಬಿಟ್ಟಿತು. ಮೊದಲ ದಿನ ಬೆಳಿಗ್ಗೆ ಗೇಟಿಗೆ ಮೊದಲು ಬಂದವಳು ಲೋಕಮ್ಮನೇ.

“ಎಲ್ಲಿಗೆ ಹೊಂಟೀರಿ?” ಎಂದು ಚೌಡಪ್ಪ ಕೇಳಿದ.

“ರಾತ್ರಿ ಒಂದೇ ಒಲೆ ಮುಂದೆ ಕೂತು ಉಂಡ್ವಲ್ಲೋ, ಗುರುತು ಸಿಗ್ಲಿಲ್ವಾ?”

“ಗುರುತು ಐತೆ ಅತ್ತೆ. ಕಾರಣ ಹೇಳ್ಬೇಕು.”

“ಬದುವಿನ ಹುಲ್ಲು ಕೊಯ್ಯಾಕೆ.”

“ಹಂಗಾದ್ರೆ ಬಿಡಾಕೆ ಬರಲ್ಲ. ನಿಮಗೆ ಕಾರಣ ಐತೆ.”

“ಕಾರಣ ಇಲ್ದೆ ಯಾರು ಬರ್ತಾರೋ ಇಲ್ಲಿಗೆ?”

“ಅಂಥೋರನ್ನೇ ಬಿಡು ಅಂದಾರೆ,” ಎಂದ ಚೌಡಪ್ಪ.

ಲೋಕಮ್ಮ ಗುಡ್ಡ ಬಳಸಿ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಳು. ಆ ರಾತ್ರಿ ಚೌಡಪ್ಪ ಮಣೆ ಹಾಕಿಕೊಂಡು ಕೂತೇ ಕೂತ. ಒಲೆ ತಣ್ಣಗಿತ್ತು. “ಅಕ್ಕಿ ಬೇಯ್ಸಾಕೆ ಒಂದು ಕಾರಣ ಹುಡುಕ್ದೆ ಕಣೋ, ಸಿಗ್ಲಿಲ್ಲ,” ಎಂದು ಅವಳು ಮಲಗಿಬಿಟ್ಟಳು. ಚೌಡಪ್ಪನಿಗೆ ಹಸಿವಿನ ಜೊತೆಗೆ ನಾಚಿಕೆಯೂ ಆಯಿತು. ಕೆಲಸ ಬಿಟ್ಟರೆ ಸಂಬಳವಿಲ್ಲ, ಅತ್ತೆಯನ್ನು ಬಿಡದಿದ್ದರೆ ಅನ್ನವಿಲ್ಲ.

ಮರುದಿನದಿಂದ ಅವನು ಊರಿಗೆ ವಿಹಾರ ಕಲಿಸತೊಡಗಿದ. ಕೈಗಳನ್ನು ಬೆನ್ನ ಹಿಂದೆ ಕಟ್ಟಬೇಕು, ಆಗಾಗ ನಿಂತು ಮರದ ತುದಿ ನೋಡಿ ‘ಆಹಾ’ ಎನ್ನಬೇಕು, ಕಾರಣ ಕೇಳಿದರೆ ‘ಸುಮ್ನೆ’ ಎನ್ನಬೇಕು. ಲೋಕಮ್ಮ ತಲೆಗೆ ಕಡಾಯಿ ಬೋರಲು ಹಾಕಿಕೊಂಡು, ಕುಡುಗೋಲನ್ನು ಸೀರೆಯ ನೆರಿಗೆಯಲ್ಲಿ ಸಿಕ್ಕಿಸಿಕೊಂಡು, ‘ಸುಮ್ನೆ’ ಎಂದು ಗುಡುಗುತ್ತಾ ದಾಟಿದಳು. ಎತ್ತು ಹೊಡೆದುಕೊಂಡು ಬಂದ ಯಲ್ಲಪ್ಪ, ಅವು ತನ್ನ ಜೊತೆ ಗಾಳಿ ಸೇವನೆಗೆ ಬಂದಿವೆ ಎಂದ. ಹೆಗಲ ಮೇಲಿನ ನೇಗಿಲು ಊರುಗೋಲು ಎಂದ. ಊರುಗೋಲಿಗೆ ನಿಷೇಧವಿರಲಿಲ್ಲ.

ಎಲ್ಲ ಸುಸೂತ್ರವಾಗಿತ್ತು. ಆದರೆ ಒಂದು ಸಂಜೆ ಗುರುಮಲ್ಲಪ್ಪನವರು ಮರಳುತ್ತಿದ್ದ ವಿಹಾರಿಗಳ ಕಾಲು ನೋಡಿದರು. ಮೊಣಕಾಲವರೆಗೆ ಕೆಸರು.

“ವಿಹಾರ ಮಾಡಿದವರಿಗೆ ಇಷ್ಟು ಕೆಸರು ಹೇಗ್ರೀ ಆಗುತ್ತೆ?” ಎಂದು ಚೌಡಪ್ಪನನ್ನು ಕೇಳಿದರು. “ಮುಂದಿನ ಹುಣ್ಣಿಮೆಗೆ ಶಿವಮೊಗ್ಗದಿಂದ ಸಾಹೇಬರು ತನಿಖೆಗೆ ಬರ್ತಾರೆ. ಅವರಿಗೆ ಅಪ್ಪಟ ವಿಹಾರ ಕಾಣಿಸಬೇಕು. ಕಾಣದಿದ್ದರೆ ಗುತ್ತಿಗೆ ಹೋಯ್ತು, ನಿಮ್ಮ ಕೆಲಸವೂ ಹೋಯ್ತು. ಕೆಲಸಗಾರ ಒಬ್ಬ ಕಂಡರೂ ದಾರಿಗೆ ಮುಳ್ಳುಬೇಲಿ.”

ಆ ಹುಣ್ಣಿಮೆ ಭೂಮಿ ಹುಣ್ಣಿಮೆಯಾಗಿತ್ತು. ಅಂದು ಭೂಮಿತಾಯಿ ಬಸುರಿ. ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಕಡುಬು, ಬುತ್ತಿಯನ್ನ, ಬೆರಕೆಸೊಪ್ಪಿನ ಪಲ್ಯ ತುಂಬಿಕೊಂಡು, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೋಗಿ ಅವಳಿಗೆ ಬಯಕೆಯೂಟ ಬಡಿಸಬೇಕು. ಅಂದು ಮಣ್ಣಿಗೆ ಕಬ್ಬಿಣ ತಾಕಿಸುವಂತಿಲ್ಲ. ಇದನ್ನು ಮ್ಯಾನೇಜರಿಗೆ ಹೇಳಲು ಚೌಡಪ್ಪನಿಗೆ ಬಾಯಿ ಬರಲಿಲ್ಲ. ಗೇಟು ತೆರೆದಿಟ್ಟು ಕಣ್ಣು ಮುಚ್ಚಿ ನಿಂತ.

ರಾತ್ರಿಯೇ ಶಿವಮೊಗ್ಗ ಬಿಟ್ಟಿದ್ದ ಸಾಹೇಬರ ಜೀಪು ಬಂದಾಗ ಊರಿಗೆ ಊರೇ ಬುಟ್ಟಿ ಹೊತ್ತು, ಪಂಜು ಹಿಡಿದು, ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತಾ ತೋಪಿನೊಳಗೆ ಸಾಗಿತ್ತು. ಬಯಲುಸೀಮೆಯಲ್ಲಿ ಹುಟ್ಟಿ ಪಟ್ಟಣದಲ್ಲಿ ಬೆಳೆದ ಸಾಹೇಬರು ಟೋಪಿ ತೆಗೆದರು.

“ಇವರೆಲ್ಲ ವಿಹಾರಕ್ಕೆ ಬಂದವರೇ?”

“ಸುಮ್ನೆ ಬಂದೋರು ಸಾರ್,” ಎಂದ ಚೌಡಪ್ಪ.

“ತಲೆಗೆ ಬುಟ್ಟಿಯ ರಕ್ಷಣೆ, ಮೃಗಗಳನ್ನು ಓಡಿಸಲು ಕೂಗು, ಜೊತೆಗೆ ಉಪಾಹಾರ,” ಎಂದು ಸಾಹೇಬರು ಬೆರಳು ಮಡಿಸಿದರು. ಲೋಕಮ್ಮ ಗದ್ದೆಯ ಬದುವಿನಲ್ಲಿ ಕೂರಿಸಿ ಕೊಟ್ಟ ಸೌತೆಕಾಯಿ ಕಡುಬು ತಿಂದ ಮೇಲೆ ಅವರ ಕಣ್ಣು ಒದ್ದೆಯಾಯಿತು. ಇಂಥ ಸುರಕ್ಷಿತ ವಿಹಾರವನ್ನು ತಾನು ರಾಜ್ಯದಲ್ಲೆಲ್ಲೂ ಕಂಡಿಲ್ಲವೆಂದೂ, ಇದನ್ನೇ ನಿತ್ಯದ ನಿಯಮವಾಗಿಸಬೇಕೆಂದೂ ಅಪ್ಪಣೆಯಾಯಿತು.

ನಿಯಮ ಬಂತು. ಅಂದಿನಿಂದ ತೋಪು ಹೊಗುವ ಪ್ರತಿಯೊಬ್ಬರೂ ಚಿತ್ತಾರದ ಬುಟ್ಟಿಯನ್ನು ಉಪಾಹಾರಸಮೇತ ತಲೆಯ ಮೇಲೆ ಹೊತ್ತಿರತಕ್ಕದ್ದು ಮತ್ತು ಗೇಟಿನ ಬಳಿ ಒಂದು ಬಾರಿ ಹರ್ಷದಿಂದ ಕೂಗತಕ್ಕದ್ದು. ಗುರುಮಲ್ಲಪ್ಪನವರ ಬಾಮೈದ ಮಲ್ಲಿಕಾರ್ಜುನಪ್ಪ ಗೇಟಿನ ಪಕ್ಕದಲ್ಲೇ ಕಂಪನಿಯ ಮುದ್ರೆಯೊತ್ತಿದ ಬುಟ್ಟಿಗಳ ಅಂಗಡಿ ತೆರೆದ. ಮುದ್ರೆಯಿಲ್ಲದ ಬುಟ್ಟಿ ಕೊಂಬೆಯನ್ನು ತಡೆಯಲಾರದೆಂದು ಕಂಪನಿಯೇ ಪರೀಕ್ಷೆ ಮಾಡಿ ಕಂಡುಕೊಂಡಿತ್ತು.

ಊರಿಗೆ ಊರೇ ದಿನಾ ಹಬ್ಬ ಮಾಡಿತು. ಎಮ್ಮೆ ಹುಡುಕಲು ಹೊರಟವರೂ ಕಡುಬು ಬೇಯಿಸಿದರು. ತೋಪಿನಾಚೆಯ ಊರಿನಲ್ಲಿ ಬೆನಕಪ್ಪನ ಮಾವ ತೀರಿಕೊಂಡ ದಿನ ಅವನು ಗೇಟಿನಲ್ಲಿ ಬುಟ್ಟಿ ಹೊತ್ತು ಹರ್ಷದಿಂದ ಕೂಗಿ, ತೋಪು ದಾಟಿದ ಮೇಲೆ ಬುಟ್ಟಿ ಇಳಿಸಿ ಅತ್ತ. ಕೂಗು ಮೆತ್ತಗಾಯಿತೆಂದು ಚೌಡಪ್ಪ ಅವನಿಂದ ಇನ್ನೊಮ್ಮೆ ಕೂಗಿಸಿದ್ದ. ನಿತ್ಯವೂ ಬಯಕೆಯೂಟ ಉಂಡ ಭೂಮಿತಾಯಿಗೆ ಅಜೀರ್ಣವಾಗಿರಬೇಕೆಂದು ಹೆಂಗಸರು ಮಾತಾಡಿಕೊಂಡರೂ ಬತ್ತ ಚೆನ್ನಾಗಿಯೇ ಬಂತು. ಯಾಕೆಂದರೆ ಎಲ್ಲರ ಬುಟ್ಟಿಯಲ್ಲೂ ಕಡುಬಿನ ಕೆಳಗೆ, ಬಾಳೆಲೆಯ ಅಡಿಯಲ್ಲಿ, ಒಂದು ಕುಡುಗೋಲು ಇರುತ್ತಿತ್ತು. ಚೌಡಪ್ಪ ಮೇಲಿನ ಕಡುಬನ್ನಷ್ಟೇ ತಪಾಸಣೆ ಮಾಡುತ್ತಿದ್ದ. ಮನೆಯ ಒಲೆ ಮತ್ತೆ ಉರಿಯುತ್ತಿತ್ತು.

ಹೀಗೆ ವರ್ಷ ತುಂಬಿ ಭೂಮಿ ಹುಣ್ಣಿಮೆ ಮತ್ತೆ ಬಂತು. ಕಡುಬು ನೆನಪಿಟ್ಟುಕೊಂಡಿದ್ದ ಸಾಹೇಬರು ತನಿಖೆಗೆ ಅದೇ ದಿನವನ್ನು ಗೊತ್ತುಮಾಡಿದರು. ಚೌಡಪ್ಪನಿಗೆ ಹಿಂದಿನ ಸಂಜೆ ಒಂದು ಧರ್ಮಸಂಕಟ ಹುಟ್ಟಿತು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಖಾಕಿ ಅಂಗಿ ಸುಮ್ಮನಿರಲು ಬಿಡಲಿಲ್ಲ.

“ಸಾರ್, ನಾಳೆ ಬುಟ್ಟಿ ಹೊತ್ತೋರಿಗೆ ನಿಜವಾಗ್ಲೂ ಕೆಲಸ ಐತೆ,” ಎಂದ ಮ್ಯಾನೇಜರಿಗೆ. “ಪೂಜೆ ಕೆಲಸ. ಮಣ್ಣಿಗೆ ಕಬ್ಬಿಣ ತಾಕಿಸಾಂಗಿಲ್ಲ. ನಾಳೆ ಬುಟ್ಟಿ ವಿಹಾರ ಆಗಲ್ಲ.”

ಗುರುಮಲ್ಲಪ್ಪನವರು ಬೋರ್ಡನ್ನು ಅಕ್ಷರ ಬಿಡದೆ ಇನ್ನೊಮ್ಮೆ ಓದಿದರು.

“ನಾಳೆ ಗದ್ದೆಯಲ್ಲಿ ಯಾರೂ ಕಬ್ಬಿಣ ಮುಟ್ಟಲ್ಲ ಅಂತೀರಿ?”

“ಮುಟ್ಟಾಂಗೇ ಇಲ್ಲ ಸಾರ್.”

“ಹಾಗಾದರೆ ನಾಳೆ ಕುಡುಗೋಲು ಹಿಡಿದು ಹೋಗುವವನಿಗೆ ಗದ್ದೆಯಲ್ಲಿ ಕೆಲಸವೇ ಇರಲ್ಲ. ಬರೀ ಸಂತೋಷಕ್ಕೆ ಹಿಡಿದಿರ್ತಾನೆ. ಅದೇ ವಿಹಾರ.”

ರಾತ್ರಿಯೇ ಡಂಗುರವಾಯಿತು: ನಾಳೆ ಒಂದು ದಿನದ ಮಟ್ಟಿಗೆ ಕಡುಬು ನಿಷಿದ್ಧ, ಕುಡುಗೋಲು ಕಡ್ಡಾಯ.

ಲೋಕಮ್ಮ ಅರೆದ ಹಿಟ್ಟಿನ ಮುಂದೆ ಕೂತು ಡಂಗುರ ಕೇಳಿದಳು. ಅವಳು ಸಿಟ್ಟಾಗಲಿಲ್ಲ, ಹೆದರಿದಳು. “ವರ್ಷವೆಲ್ಲ ಸುಳ್ಳು ಊಟ ಬಡಿಸೀವಿ ಚೌಡಾ. ನಾಳೆ ಒಂದು ದಿನದ ನಿಜದ ಊಟ ತಪ್ಪಿದ್ರೆ ಆ ತಾಯಿ ಮುಖ ಹೆಂಗ್ ನೋಡ್ಲೋ?” ಚೌಡಪ್ಪ ಎದ್ದು ಒಲೆಗೆ ಸೌದೆ ಹಾಕಿದ. ತಾನೇ ಬಾಯಿ ಬಿಟ್ಟದ್ದೆಂದು ಹೇಳಲಿಲ್ಲ.

ಬೆಳಕು ಹರಿಯುವ ಮುಂಚೆ ಸಾಹೇಬರೂ ಗುರುಮಲ್ಲಪ್ಪನವರೂ ಗೇಟಿನಲ್ಲಿ ನಿಂತಿದ್ದರು. ಊರು ಬಂತು. ಪ್ರತಿಯೊಬ್ಬರ ತಲೆಯ ಮೇಲೂ ಬುಟ್ಟಿ, ಬುಟ್ಟಿಯ ತುಂಬ ಎದ್ದು ಕಾಣುವಂತೆ ಕುಡುಗೋಲುಗಳು. ಮುಂದೆ ಲೋಕಮ್ಮ.

“ಎಲ್ಲಿಗೆ ಹೊಂಟೀರಿ?” ಎಂದು ಚೌಡಪ್ಪ ಕೇಳಿದ.

“ಬದುವಿನ ಹುಲ್ಲು ಕೊಯ್ಯಾಕೆ,” ಎಂದಳು ಲೋಕಮ್ಮ, ಮೊದಲ ದಿನ ಹೇಳಿದ ಹಾಗೆಯೇ.

ಕುಡುಗೋಲುಗಳ ಸಂದಿಯಿಂದ ಸಣ್ಣಗೆ ಹಬೆ ಏಳುತ್ತಿತ್ತು. ಸೌತೆಕಾಯಿ ಕಡುಬಿನ ಘಮ ಗೇಟನ್ನೂ ಬೋರ್ಡನ್ನೂ ದಾಟಿ ಸಾಹೇಬರ ಮೂಗಿನವರೆಗೆ ಹೋಯಿತು. ಸಾಹೇಬರು ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಚೌಡಪ್ಪನನ್ನು ನೋಡಿದರು. ಚೌಡಪ್ಪ ನಿಯಮದ ಪ್ರಕಾರ ಮೇಲಿನ ಕುಡುಗೋಲುಗಳನ್ನಷ್ಟೇ ತಪಾಸಣೆ ಮಾಡಿ, “ಇವತ್ತು ಇವರಿಗೆ ಯಾವ ಕಾರಣಾನೂ ಇಲ್ಲ ಸಾರ್,” ಎಂದು ಗೇಟು ತೆರೆದ.

ಲೋಕಮ್ಮ ಗದ್ದೆಯಂಚಿನಲ್ಲಿ ಕುಡುಗೋಲುಗಳನ್ನು ಕಲ್ಲಿನ ಮೇಲೆ, ಮಣ್ಣಿಗೆ ತಾಕದಂತೆ ಇಟ್ಟು, ಮೊದಲ ಕಡುಬನ್ನು ಭೂಮಿತಾಯಿಗೂ ಎರಡನೆಯದನ್ನು ಸಾಹೇಬರಿಗೂ ಬಡಿಸಿದಳು. ಸಾಹೇಬರು ಕಡುಬು ಮುಗಿಸಿ, ವಿಹಾರವು ಹೋದ ವರ್ಷಕ್ಕಿಂತ ಉತ್ತಮಗೊಂಡಿದೆಯೆಂದು ಅಲ್ಲೇ ಬರೆಸಿದರು. ಬರೆಸುವಾಗ, ಹರಿದ ಬೆಳಕಿನಲ್ಲಿ ಅವರಿಗೆ ಗದ್ದೆಯಾಚೆ ಬರೀ ಬುಡಗಳು ನಿಂತ ಬಯಲು ಕಂಡಿತು. ಹೋದ ವರ್ಷ ಅಲ್ಲಿ ಬೀಟೆ, ಹೊನ್ನೆ ಇದ್ದ ನೆನಪು ಅವರಿಗೆ.

“ಅಲ್ಲಿದ್ದ ಮರಗಳು ಎಲ್ಲಿ ಹೋದವು?” ಎಂದು ಕೇಳಿದರು.

ಗುರುಮಲ್ಲಪ್ಪನವರ ಬಾಯಲ್ಲಿ ಕಡುಬಿತ್ತು. ಉತ್ತರ ಕೊಡುವ ಹೊಣೆ ಚೌಡಪ್ಪನ ಮೇಲೆ ಬಿತ್ತು.

“ಸುಮ್ನೆ ಹೋದವು ಸಾರ್,” ಎಂದ ಅವನು.

ಸಾಹೇಬರು ತಲೆಯಾಡಿಸಿ ಅದನ್ನೂ ವಿಹಾರದ ಲೆಕ್ಕಕ್ಕೆ ಸೇರಿಸಿಕೊಂಡರು. ಲೋಕಮ್ಮ ಅವರ ಎಲೆಗೆ ಇನ್ನೊಂದು ಕಡುಬು ಹಾಕಿದಳು.